ಕೊಳ್ಳುವ ದಿನವೇ ಮಾರುವ ಲೆಕ್ಕ

ಕಳೆದ ವಾರ ನಮ್ಮ ಆಫೀಸಿನ ಹುಡುಗ ಫೋನ್ ಮಾಡಿ, "ಅಣ್ಣಾ, ಫ್ಲ್ಯಾಟ್ ತಗೊಂಡೆ" ಅಂದ. ಎಲ್ಲಿ ಅಂದೆ. ಇಲ್ಲೇ ದುಬೈನ ಜುಮೇರಾ ವಿಲೇಜ್ ಸರ್ಕಲ್ ಅಂದ. ಎಷ್ಟು ಮಹಡಿ ಎದ್ದಿದೆ ಅಂದೆ. "ಇನ್ನೂ ಪಾಯ ತೆಗೀತಿದಾರೆ. ಆರು ತಿಂಗಳಲ್ಲಿ ಮಾರಿಬಿಡ್ತೀನಿ, ಏಜೆಂಟ್ ಹೇಳಿದಾನೆ." ಒಕೂದ್ ಬಂತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಅದೇನಣ್ಣಾ ಅದು?"

ಅವನ ಹತ್ತಿರ ಇದ್ದದ್ದು ಬುಕಿಂಗ್ ಫಾರ್ಮು, ದುಡ್ಡು ಕಟ್ಟಿದ ರಸೀದಿ, ಮತ್ತೆ ಏಜೆಂಟ್ ಕಳಿಸಿದ ಮೂರು ವಿಡಿಯೊ. ಅದನ್ನೇ ಅವನು ಆಸ್ತಿ ಅಂದುಕೊಂಡಿದ್ದ.

ದುಬೈ ಬಗ್ಗೆ ಬೈಯೋಕೆ ಬರೀತಿಲ್ಲ. ರಿಜಿಸ್ಟ್ರೇಷನ್ ವ್ಯವಸ್ಥೆ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಹೊರದೇಶದವರು ಎಲ್ಲಿ ಪೂರ್ಣ ಒಡೆತನದ ಮನೆ ಕೊಳ್ಳಬಹುದು ಅನ್ನೋದು 2006ರ ಕಾನೂನಿನಿಂದಲೇ ಗೊತ್ತುಪಡಿಸಿದ ಪ್ರದೇಶಗಳಿಗೆ ಸೀಮಿತ. 2007ರಲ್ಲಿ ಎಸ್ಕ್ರೋ ಕಾನೂನು ಬಂತು: ಕಟ್ಟುತ್ತಿರುವ ಮನೆಯ ಕಂತು ಆ ಪ್ರಾಜೆಕ್ಟಿನ ಹೆಸರಲ್ಲಿರುವ, ಅದರ ಕೆಲಸಕ್ಕೇ ಮೀಸಲಾದ ಎಸ್ಕ್ರೋ ಖಾತೆಗೇ ಹೋಗಬೇಕು, ಏಜೆಂಟನ ಜೇಬಿಗಲ್ಲ. ಅದರ ಮರುವರ್ಷ ಮಧ್ಯಂತರ ರಿಜಿಸ್ಟರ್. ಮುಗಿಯದ ಕಟ್ಟಡದ ಮಾರಾಟ ಅದರಲ್ಲಿ ದಾಖಲಾಗದಿದ್ದರೆ ಕಾನೂನಿನ ಕಣ್ಣಿಗೆ ಆ ಮಾರಾಟ ನಡೆದೇ ಇಲ್ಲ. ಆ ದಾಖಲೆಯನ್ನೇ ಇಲ್ಲಿ ಒಕೂದ್ ಅನ್ನೋದು. ಮನೆ ಮುಗಿದ ಮೇಲೆ ಟೈಟಲ್ ಡೀಡ್, ಅಂದರೆ ಒಡೆತನದ ಪತ್ರ.

ಇವೆಲ್ಲ ಸುಮ್ಮನೆ ಬಂದದ್ದಲ್ಲ. 2008ಕ್ಕೆ ಮೊದಲು ಬುಕಿಂಗ್ ಕಾಗದಗಳೇ ಕೈಯಿಂದ ಕೈಗೆ ದಾಟುತ್ತಿದ್ದವು. ಬೆಲೆ ಕುಸಿದಾಗ ಕೊನೆಗೆ ಯಾರ ಕೈಯಲ್ಲಿತ್ತೋ ಅವನೇ ಮುಳುಗಿದ. 2013ರಲ್ಲಿ ವರ್ಗಾವಣೆ ಶುಲ್ಕವನ್ನು ಶೇ. 2ರಿಂದ ಶೇ. 4ಕ್ಕೆ ಏರಿಸಿದ್ದೂ ಇವತ್ತು ಕೊಂಡು ನಾಳೆ ಮಾರುವವರ ಕಾಲಿಗೆ ತೊಡಕು ಹಾಕಲಿಕ್ಕೇ. ಅಂದರೆ ನಮ್ಮ ಹುಡುಗನ ಆರು ತಿಂಗಳ ಪ್ಲ್ಯಾನಿಗೆ ಸರಕಾರ ಅವನಿಗಿಂತ ಮೊದಲೇ ಉತ್ತರ ಬರೆದಿಟ್ಟಿದೆ! ಆ ಶೇ. 4ನ್ನು ಕೊಳ್ಳುವವರು, ಮಾರುವವರು ಅರ್ಧರ್ಧ ಕೊಡಬೇಕು ಅಂತ ನಿಯಮದಲ್ಲಿದೆ, ಬೇರೆ ಒಪ್ಪಂದ ಆಗದಿದ್ದರೆ. ಆ ಬೇರೆ ಒಪ್ಪಂದವೇ ಇಲ್ಲಿ ರೂಢಿ. ಪೂರ್ತಿ ಕೊಡೋದು ಕೊಳ್ಳುವವನು.

"ದುಬೈನಲ್ಲಿ ಟ್ಯಾಕ್ಸ್ ಇಲ್ಲ" ಅಂತ ಎದೆ ತಟ್ಟಿ ಹೇಳುವವರಿಗೆ ನನ್ನದೇ ಲೆಕ್ಕ ಕೊಡ್ತೀನಿ. 2018ರಲ್ಲಿ 8,00,000 ದಿರ್ಹಮಿಗೆ ಕಟ್ಟಿ ಮುಗಿದಿದ್ದ ಮನೆ ತಗೊಂಡೆ. ವರ್ಗಾವಣೆ ಶುಲ್ಕ 32,000. ಏಜೆಂಟಿಗೆ ಶೇ. 2, ಮೇಲೆ ವ್ಯಾಟ್, 16,800. ವರ್ಗಾವಣೆ ಮಾಡಿಕೊಡುವ ಟ್ರಸ್ಟಿ ಆಫೀಸಿನ ಫೀ 4,200. ಬೀಗದ ಕೈ ಸಿಗುವ ಹೊತ್ತಿಗೆ 53,000 ಹೋಗಿತ್ತು. 2022ರಲ್ಲಿ 8,60,000ಕ್ಕೆ ಮಾರಿದೆ. ಅರವತ್ತು ಸಾವಿರ ಲಾಭ ಅಂತ ಮನೆಯಲ್ಲಿ ಪಾಯಸ ಕೂಡ ಆಯ್ತು. ಮಾರುವಾಗಿನ ಕಮಿಷನ್ ವ್ಯಾಟ್ ಸೇರಿ 18,060. ಬಂದ ಖರ್ಚು, ಹೋದ ಖರ್ಚು ಕೂಡಿದರೆ 71,060. ಪಾಯಸ ಉಂಡದ್ದು 11,060 ದಿರ್ಹಮ್ ನಷ್ಟಕ್ಕೆ. ಪ್ರತಿವರ್ಷದ ಸರ್ವಿಸ್ ಚಾರ್ಜ್ ಇದರಲ್ಲಿ ಸೇರಿಲ್ಲ. ನಡುವೆ ಬಾಡಿಗೆ ಬಂತು ಅಂತ ಬದುಕಿಕೊಂಡೆ.

ಇನ್ನು ಆ ಮಾರಾಟದ ದಿನ. ಟ್ರಸ್ಟಿ ಆಫೀಸಿನಲ್ಲಿ ಎಲ್ಲ ಸರಿಯಿದ್ದರೆ ಅರ್ಧ-ಮುಕ್ಕಾಲು ಗಂಟೆಯ ಕೆಲಸ. ಕೊಳ್ಳುವವರು ಬ್ಯಾಂಕೇ ಬರೆದುಕೊಡುವ ಮ್ಯಾನೇಜರ್ಸ್ ಚೆಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಕಾಯ್ತಿದ್ದರು. ಕೌಂಟರಿನ ಹೆಣ್ಣುಮಗಳು ನನ್ನ ಪಾಸ್‌ಪೋರ್ಟ್ ನೋಡಿದಳು, ಟೈಟಲ್ ಡೀಡ್ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. "ಇವರಿಬ್ಬರೂ ಒಬ್ಬರೇನಾ?"

ತಪ್ಪು ನನ್ನದೇ. ಮನೆ ಕೊಂಡಾಗ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿ. ನಮ್ಮ ಕಡೆ ಇನಿಷಿಯಲ್ಲೇ ಸರ್‌ನೇಮು, ನಿಮಗೂ ಗೊತ್ತು. 2021ರಲ್ಲಿ ರಿನ್ಯೂ ಮಾಡಿಸುವಾಗ ಅಪ್ಪನ ಹೆಸರನ್ನು ಅಲ್ಲಿ ತುಂಬಿಸಿದೆ. ಹೆಸರೂ ಬೇರೆ, ನಂಬರೂ ಬೇರೆ. ರಿಜಿಸ್ಟರಿನಲ್ಲಿ ಬದಲಾಯಿಸಬೇಕು ಅಂತ ಹೊಳೆದಿರಲೇ ಇಲ್ಲ. ಇಬ್ಬರೂ ಒಬ್ಬರೇ ಅಂತ ಪತ್ರ ಮಾಡಿಸಿ, ಅರಬ್ಬಿಗೆ ಅನುವಾದ ಮಾಡಿಸಿ, ದಾಖಲೆ ತಿದ್ದಿಸುವಷ್ಟರಲ್ಲಿ ಬಿಲ್ಡರ್ ಕೊಟ್ಟಿದ್ದ, ಮಾರಲಿಕ್ಕೆ ಅಭ್ಯಂತರ ಇಲ್ಲ ಅನ್ನೋ ಪತ್ರದ, ಅಂದರೆ ಎನ್‌ಒಸಿಯ ಅವಧಿ ಮುಗೀತು. ಎರಡನೇ ಸಲ ದುಡ್ಡು ಕಟ್ಟಿ ಅದನ್ನೂ ತಗೊಂಡೆ. ಕೊಳ್ಳುವವರು ಒಳ್ಳೆಯವರು, ಕಾದರು. ಬೇರೆ ಯಾರಾದರೂ ಆಗಿದ್ದರೆ ಪಕ್ಕದ ಕಟ್ಟಡದ್ದು ನೋಡ್ಕೊಳ್ತಿದ್ದರು.

ಪರದೇಶದಲ್ಲಿ ಕೊಳ್ಳುವಾಗ ನಿಮ್ಮ ಸುತ್ತ ಜನವೋ ಜನ. ಬಿಲ್ಡರ್, ಏಜೆಂಟ್, ಬ್ಯಾಂಕು, ಕಾಫಿ, ಖರ್ಜೂರ. ಮಾರುವಾಗ ನೀವೊಬ್ಬರೇ. ಅದರಲ್ಲೂ ಕಟ್ಟುತ್ತಿರುವ ಮನೆಯನ್ನು ಮಾರ ಹೊರಟರೆ ನಿಮ್ಮ ಎದುರಾಳಿ ನಿಮಗೆ ಮಾರಿದ ಬಿಲ್ಡರೇ. ಅವನ ಹತ್ತಿರ ಅದೇ ಥರದ ಮನೆಗಳು ಇನ್ನೂ ಉಳಿದಿರುತ್ತವೆ. ಅವನು ಕಂತಿನಲ್ಲಿ ಕೊಡ್ತಾನೆ, ಏಜೆಂಟಿಗೆ ನಿಮಗಿಂತ ದೊಡ್ಡ ಕಮಿಷನ್ ಕೊಡ್ತಾನೆ. ನಿಮ್ಮ ಹತ್ತಿರ ಕೊಳ್ಳುವವನು ನೀವು ಈವರೆಗೆ ಕಟ್ಟಿದ್ದನ್ನೆಲ್ಲ ಒಂದೇ ಸಲ ಕೈಗಿಡಬೇಕು, ಮೇಲೆ ಹೊಸದಾಗಿ ಶೇ. 4 ಕಟ್ಟಬೇಕು. ಇಷ್ಟಕ್ಕೂ ಬಿಲ್ಡರ್ ಎನ್‌ಒಸಿ ಕೊಟ್ಟರೆ ತಾನೇ? ಸಾಮಾನ್ಯವಾಗಿ ಬೆಲೆಯ ಶೇ. 30ರಿಂದ 40 ಕಟ್ಟುವ ತನಕ ಕೊಡೋದಿಲ್ಲ.

ಇದನ್ನೆಲ್ಲ ಹೇಳಿದಾಗ ಹುಡುಗ "ಏಜೆಂಟ್ ಹಾಗೆ ಹೇಳ್ಲಿಲ್ಲವಲ್ಲಣ್ಣಾ" ಅಂದ. ಏಜೆಂಟ್ ಯಾಕೆ ಹೇಳ್ತಾನೆ ಮಾರಾಯ, ಅವನ ಕೆಲಸ ನಿನ್ನ ಚೆಕ್ ಕ್ಲಿಯರ್ ಆದ ದಿನವೇ ಮುಗೀತು. ದುಬೈ ಬೇಡ ಅಂತ ನಾನು ಹೇಳಲ್ಲ. ಇರಲಿಕ್ಕೆ, ವರ್ಷಗಟ್ಟಲೆ ಬಾಡಿಗೆಗೆ ಕೊಡಲಿಕ್ಕೆ ತಗೊಳ್ಳುವವರು ಧಾರಾಳ ತಗೊಳ್ಳಿ. ಆರು ತಿಂಗಳ ಲಾಟರಿ ಅಂತ ಮಾತ್ರ ಬೇಡ.

ಅವನಿಗೆ ಎರಡು ಕೆಲಸ ಹೇಳಿದೆ. ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ಪ್ರಾಜೆಕ್ಟ್ ಇದೆಯಾ ನೋಡು, ಬಿಲ್ಡರಿನಿಂದ ಕರಾರುಪತ್ರ ತರಿಸಿಕೊಂಡು ಅದರಲ್ಲಿ ಮರುಮಾರಾಟದ ಕಲಮು ಹುಡುಕು.

ನಿನ್ನೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಫೋಟೊ ಬಂತು, ಒಂದು ಸಾಲಿನ ಕೆಳಗೆ ಕೆಂಪು ಗೆರೆ. "ಅಣ್ಣಾ, ಇಲ್ಲಿ ಶೇ. 40 ಅಂತಿದೆ. ನಾನು ಕಟ್ಟಿರೋದು 10."

ಶುಕ್ರವಾರ ಸಂಜೆ ಮನೆಗೆ ಬಾ ಅಂದಿದೀನಿ, ಕರಾರಿನ 34 ಪುಟಾನೂ ತಗೊಂಡು.