ಊರಲ್ಲಿ ಏನೂ ಇಲ್ಲ ಅನ್ನೋರಿಗೆ

ನಿನ್ನೆ ಪಕ್ಕದ ಮನೆಯವರು ಫೋರ್ಟ್ ಕೊಚ್ಚಿಯಿಂದ ಬಂದರು. ಚೀನಾ ಬಲೆ, ಮೀನುಗಾರರು, ಹಳೇ ಬೀದಿಗಳು, ಎಲ್ಲದರ ಫೋಟೋ ತೋರಿಸಿದರು. ಚಂದ ಇದ್ದವು. ಕೊನೆಗೆ ಅದೇ ಮಾತು: "ನಮ್ಮ ಬೀದರ್‌ನಾಗ ಏನದರೀ ನೋಡ್ಲಿಕ್ಕೆ?" ಸಾಕಾಗಿಹೋಗಿದೆ! ಇದನ್ನು ಇನ್ನೆಷ್ಟು ಜನರ ಬಾಯಲ್ಲಿ ಕೇಳಬೇಕು?

ದಿನಾ ಚೌಬಾರಾ ಸುತ್ತಿಕೊಂಡೇ ಸಂತೆಗೆ ಹೋಗುತ್ತೀರಿ. ಒಮ್ಮೆಯಾದರೂ ತಲೆ ಎತ್ತಿ ಆ ಗೋಪುರ ನೋಡಿದ್ದೀರಾ? ಅಲ್ಲೇ ಹತ್ತಿರ ಮಹಮೂದ್ ಗವಾನ್ ಮದರಸಾ, 1472ರದ್ದು. ಮಿನಾರಿನ ಮೇಲೆ ಬಣ್ಣದ ಟೈಲ್ಸ್ ಚೂರುಗಳು ಇನ್ನೂ ಹೊಳೆಯುತ್ತವೆ. ಅದರ ಮುಂದೆಯೇ ಗುಟ್ಕಾ ಉಗುಳುತ್ತಾರಲ್ಲ, ಕೈ ಹೇಗೆ ಬರುತ್ತೆ ಗೋಡೆ ಮೇಲೆ ಹೆಸರು ಗೀಚೋಕೆ?

ಇನ್ನು ಬಿದ್ರಿ ಅಂಗಡಿಗಳು, ಕಪ್ಪು ಲೋಹದ ಪಾತ್ರೆ ಮೇಲೆ ಬೆಳ್ಳಿ ಕುಸುರಿ ಮಾಡೋವು. ಹೊರಗೆ ಸುಮ್ನೆ ಹಾರ್ನ್ ಹೊಡೆಯುತ್ತಾ ಹೋಗುತ್ತಾರೆ. ಒಳಗೆ ಬೆಳ್ಳಿ ತಂತಿ ಕೂರಿಸುವ ಉಳಿಯ ಸದ್ದು ಯಾರಿಗೆ ಕೇಳಬೇಕು? ಆ ಪಾತ್ರೆಗೆ ಕಪ್ಪು ಬಣ್ಣ ಬರೋದೇ ಕೋಟೆ ಮಣ್ಣಿಗೆ ನವಸಾಗರ ಅನ್ನೋ ಉಪ್ಪು ಬೆರೆಸಿದ ನೀರಿನಿಂದ. ಅಂದರೆ ನಮ್ಮ ಮಣ್ಣಿಂದ! ಅದನ್ನೇ ಮದುವೆಗೆ ಉಡುಗೊರೆ ಕೊಡುತ್ತೀರಿ, ಆಮೇಲೆ ಊರಲ್ಲಿ ಏನೂ ಇಲ್ಲ ಅನ್ನುತ್ತೀರಿ.

ಕೊಚ್ಚಿಯಲ್ಲಿ ಗಂಟೆಗಟ್ಟಲೆ ನಡೆದಿರಲ್ಲ, ಇಲ್ಲಿ ಚೌಬಾರಾದಿಂದ ಕೋಟೆ ತನಕ ನಡೆಯೋಕೆ ಏನು ಧಾಡಿ?