ಹಾರ್ಡ್‌ವಿಕ್ ಹಾಲ್‌ನ ಸುಳ್ಳು ಕಿಟಕಿಗಳು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಎಂ-1 ಹೆದ್ದಾರಿ ಹಿಡಿದು ಚೆಸ್ಟರ್‌ಫೀಲ್ಡ್ ಕಡೆಗೆ ಹೋಗುವವರಿಗೆ ಗುಡ್ಡದ ನೆತ್ತಿಯ ಮೇಲೆ ಆರು ಗೋಪುರಗಳ ಮನೆಯೊಂದು ಕಾಣಿಸುತ್ತದೆ. ಅದೇ ಹಾರ್ಡ್‌ವಿಕ್ ಹಾಲ್. ಅದರಲ್ಲಿ ಗೋಡೆಗಿಂತ ಗಾಜೇ ಹೆಚ್ಚು ಎಂಬರ್ಥದ ಪ್ರಾಸದ ಮಾತೊಂದು ಅಲ್ಲಿಯವರ ಬಾಯಲ್ಲಿ ಇಂದಿಗೂ ಉಳಿದಿದೆ. ಈ ಮನೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಈ ಮಾತಿನಿಂದಲೇ ತೊಡಗಿ, ಗಾಜು ಆ ಕಾಲಕ್ಕೆ ಎಷ್ಟು ದುಬಾರಿಯಾಗಿತ್ತು, ಕಟ್ಟಿಸಿದಾಕೆ ಎಂಥ ಸಿರಿವಂತೆಯಾಗಿದ್ದಳು ಎಂಬಲ್ಲಿಗೆ ಮುಗಿಸಿಬಿಡುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ದುಡ್ಡಿದ್ದವರು ಗಾಜನ್ನು ಕೊಳ್ಳಬಹುದಿತ್ತು. ಅಷ್ಟು ಗಾಜನ್ನು ಹೊತ್ತ ಗೋಡೆ ನಿಲ್ಲುವಂತೆ, ಅದೂ ಹೊರಗಿನಿಂದ ನೋಡಿದವರಿಗೆ ಎಲ್ಲಿಯೂ ಸಾಲು ತಪ್ಪದಂತೆ ಮಾಡಲು ಒಳಗೆ ಹೂಡಿರುವ ಉಪಾಯಗಳನ್ನು ಮಾತ್ರ ಕೊಳ್ಳಲಾಗುತ್ತಿರಲಿಲ್ಲ. ಇಪ್ಪತ್ತು ವರ್ಷ ಕಟ್ಟಡದ ನಕ್ಷೆಗಳ ನಡುವೆಯೇ ಬದುಕಿದ ನನಗೆ ಈ ಮನೆ ಮೆಚ್ಚುಗೆಯಾದದ್ದು ಅದು ಹೇಳುವ ಸುಳ್ಳುಗಳಿಂದಾಗಿ.

ಕಟ್ಟಿಸಿದವಳು ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್, ಅಂದರೆ ಅಲ್ಲಿನ ಅರ್ಲ್ ಪದವಿಯ ಶ್ರೀಮಂತನ ಹೆಂಡತಿ. ಜನ ಕರೆಯುವುದು ಹಾರ್ಡ್‌ವಿಕ್‌ನ ಬೆಸ್ ಎಂದು. ಅದೇ ಗುಡ್ಡದ ಮೇಲಿನ ಸಾಧಾರಣ ಜಮೀನುದಾರರ ಮನೆಯಲ್ಲಿ ಹುಟ್ಟಿದವಳು, ನಾಲ್ಕು ಮದುವೆಯಾದಳು, ನಾಲ್ವರು ಗಂಡಂದಿರನ್ನೂ ಕಳೆದುಕೊಂಡಳು, ಪ್ರತಿ ಸಲವೂ ಮೊದಲಿಗಿಂತ ಸಿರಿವಂತೆಯಾದಳು. ನಾಲ್ಕನೆಯ ಗಂಡನೊಡನೆ ಜಗಳವಾಡಿ ಬೇರೆಯಾಗಿದ್ದ ಆಕೆ, 1590ರ ಕೊನೆಯಲ್ಲಿ ಅವನು ಸಾಯುವ ಹೊತ್ತಿಗಾಗಲೇ ಈ ಮನೆಗೆ ಪಾಯ ತೋಡಿಸತೊಡಗಿದ್ದಳು. ಕೂಗಳತೆಯಲ್ಲೇ ಇದ್ದ ಹಳೆಯ ಮನೆಯನ್ನು ದೊಡ್ಡದು ಮಾಡಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ. 1597ರಲ್ಲಿ ಹೊಸ ಮನೆಗೆ ಬಂದಾಗ ಆಕೆಗೆ ಎಪ್ಪತ್ತರ ಆಸುಪಾಸು. ಗೋಪುರಗಳ ತುದಿಯಲ್ಲಿ ತನ್ನ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳಾದ ‘ಇ’ ಮತ್ತು ‘ಎಸ್’ಗಳನ್ನು ಆಳೆತ್ತರಕ್ಕೆ ಕಲ್ಲಿನಲ್ಲಿ ಕಡೆಸಿ, ಆಕಾಶಕ್ಕೆ ಎದ್ದು ಕಾಣುವಂತೆ ನಿಲ್ಲಿಸಿದ್ದಾಳೆ. ನಮ್ಮಲ್ಲಿ ಮನೆಯ ನೆತ್ತಿಗೆ ‘ಮಾತೃಕೃಪಾ’ ಎಂದು ಬರೆಸಿ ಕೃಪೆಯನ್ನಾದರೂ ಇನ್ನೊಬ್ಬರಿಗೆ ಬಿಟ್ಟುಕೊಡುತ್ತೇವೆ. ಬೆಸ್‌ಗೆ ಆ ಸಂಕೋಚವಿರಲಿಲ್ಲ.

ನಕ್ಷೆ ರಾಬರ್ಟ್ ಸ್ಮಿತ್ಸನ್‌ನದು ಎಂಬುದು ಒಪ್ಪಿತವಾದ ಮಾತು. ಲಾಂಗ್‌ಲೀಟ್ ಎಂಬ ದೊಡ್ಡ ಮನೆಯ ಕೆಲಸದಲ್ಲಿ ಕಲ್ಲುಕುಟಿಗನಾಗಿ ಪಳಗಿ, ವೊಲಟನ್ ಹಾಲ್ ಎಂಬ ಇನ್ನೊಂದನ್ನು ಕಟ್ಟಿ ಹೆಸರಾದವನು ಅವನು. ಗೋಡೆಯಲ್ಲಿ ಕಿಟಕಿ ಹೆಚ್ಚಾದಷ್ಟೂ ಗೋಡೆ ಬಡವಾಗುತ್ತದೆ ಎಂಬುದು ಯಾವ ಮೇಸ್ತ್ರಿಗಾದರೂ ಗೊತ್ತು. ಅಂದಿನ ಇಂಗ್ಲಿಷ್ ಮನೆಗಳಲ್ಲಿ ಅಗ್ಗಿಷ್ಟಿಕೆಗಳೂ ಅವುಗಳ ಹೊಗೆ ಕೊಳವೆಗಳೂ ಸಾಮಾನ್ಯವಾಗಿ ಹೊರಗೋಡೆಯಲ್ಲಿಯೇ ಇದ್ದು, ಕಿಟಕಿಯ ಜಾಗವನ್ನು ತಿಂದುಹಾಕುತ್ತಿದ್ದವು. ಸ್ಮಿತ್ಸನ್ ಅವುಗಳಲ್ಲಿ ಹೆಚ್ಚಿನವನ್ನು ಒಳಗೋಡೆಗಳಿಗೆ ಸರಿಸಿದ. ಮನೆಯ ಉದ್ದಕ್ಕೂ ಬೆನ್ನೆಲುಬಿನಂತೆ ಹಾದುಹೋಗುವ ದಪ್ಪ ಗೋಡೆಯೊಂದು ಹೊಗೆಯನ್ನೂ ಭಾರವನ್ನೂ ತಾನೇ ವಹಿಸಿಕೊಂಡಿತು, ಹೊರಗೋಡೆ ಗಾಜಿಗೆ ಬಿಡುವಾಯಿತು. ಆದರೂ ಎಲ್ಲ ಕಡೆಯೂ ಲೆಕ್ಕ ಹೊಂದಲಿಲ್ಲ. ಕೆಲವೆಡೆ ಎತ್ತರವಾದ ಒಂದೇ ಕಿಟಕಿಯ ಹಿಂದೆ ಎರಡು ತಗ್ಗು ಅಂತಸ್ತುಗಳು ಅಡಗಿವೆ. ಕೆಲವೆಡೆ ಗಾಜಿನ ಬೆನ್ನಿಗೇ ಚಿಮಣಿಯ ಗಾರೆ ನಿಂತಿದೆ, ಅಂದರೆ ಅದು ಕಿಟಕಿಯೇ ಅಲ್ಲ, ಗೋಡೆಗೆ ತೊಡಿಸಿದ ಗಾಜು. ಒಳಗಿರುವುದನ್ನು ಹೊರಗೆ ತೋರದ ಕಟ್ಟಡ ಅಪ್ರಾಮಾಣಿಕ ಎಂದು ಕಾಲೇಜಿನಲ್ಲಿ ನಮಗೆ ಉರು ಹೊಡೆಸಿದ್ದರು. ಹಾರ್ಡ್‌ವಿಕ್ ನೋಡಿ ಬಂದ ಮೇಲೆ ನಾನು ಆ ಮಾತನ್ನು ಅಷ್ಟು ಧೈರ್ಯದಿಂದ ಹೇಳುವುದಿಲ್ಲ.

ಹೊರಗೆ ಇಷ್ಟು ಶಿಸ್ತು ಬೇಕೆಂದರೆ ಒಳಗೆ ಹಳೆಯ ವಾಡಿಕೆಯನ್ನು ಮುರಿಯಲೇಬೇಕಿತ್ತು. ಇಂಗ್ಲಿಷ್ ಮನೆಯ ದೊಡ್ಡ ಹಜಾರ ನೂರಾರು ವರ್ಷಗಳಿಂದ ಮುಂಗೋಡೆಗೆ ಸಮಾನಾಂತರವಾಗಿ ಉದ್ದುದ್ದ ಮಲಗಿರುತ್ತಿತ್ತು. ಒಳಬರುವವರು ಅದರ ಒಂದು ತುದಿಯಿಂದ, ಒಂದು ಓಣಿಯನ್ನು ದಾಟಿ ಬರಬೇಕಿತ್ತು. ಬಾಗಿಲು ಹಾಗೆ ಒಂದು ಮಗ್ಗುಲಿಗೆ ಬಿದ್ದರೆ ಎಡಬಲ ಸಮನಾಗುವುದಾದರೂ ಹೇಗೆ? ಹಾರ್ಡ್‌ವಿಕ್‌ನಲ್ಲಿ ಹಜಾರವನ್ನೇ ಕಾಲು ಸುತ್ತು ತಿರುಗಿಸಿ, ಮನೆಯ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಚಾಚಿದ್ದಾರೆ. ನಡುಬಾಗಿಲಲ್ಲಿ ಕಾಲಿಟ್ಟರೆ ನೇರ ಹಜಾರ. ನಕ್ಷೆಯ ಮೇಲೆ ಒಂದು ಗೆರೆಯ ಕೆಲಸ. ಆದರೆ ಹಿಂದೊಮ್ಮೆ ಆಳುಕಾಳುಗಳ ಜೊತೆ ಒಡೆಯನೂ ಕೂತು ಉಣ್ಣುತ್ತಿದ್ದ ಹಜಾರ ಮೆಲ್ಲಗೆ ಹಾದುಹೋಗುವ ಜಾಗವಾಗತೊಡಗಿತು. ನನ್ನನ್ನು ಕೇಳಿದರೆ ಗಾಜಿಗಿಂತ ದೊಡ್ಡ ಕ್ರಾಂತಿ ಇದು.

ಮೇಲಕ್ಕೆ ಹೋದಂತೆ ಕಿಟಕಿಗಳು ಎತ್ತರವಾಗುತ್ತವೆ. ನೆಲದ ಅಂತಸ್ತು ಅಡುಗೆಯವರಿಗೆ, ಆಳುಗಳಿಗೆ, ಮೊದಲ ಮಹಡಿ ಬೆಸ್‌ಳ ದಿನನಿತ್ಯದ ಬಾಳಿಗೆ, ಎರಡನೆಯದು ರಾಜವೈಭವಕ್ಕೆ. ಅಲ್ಲಿಗೆ ಕರೆದೊಯ್ಯುವ ಕಲ್ಲಿನ ಮೆಟ್ಟಿಲುಸಾಲು ಮನೆಯೊಳಗೆ ತಿರುಗಿ ತಿರುಗಿ, ಒಮ್ಮೆ ನಸುಗತ್ತಲಿನಲ್ಲಿ ಒಮ್ಮೆ ಬೆಳಕಿನಲ್ಲಿ, ಅವಸರವೇ ಇಲ್ಲದೆ ಏರುತ್ತದೆ. ಮೆಟ್ಟಿಲುಗಳ ನಡುಭಾಗ ಸವೆದು ತಟ್ಟೆಯಂತೆ ತಗ್ಗಾಗಿದೆ. ಕೊನೆಗೆ ತೆರೆದುಕೊಳ್ಳುವುದು ರಾಣಿ ಒಂದನೆಯ ಎಲಿಜಬೆತ್ ಬಂದಾಳೆಂದು ಸಜ್ಜುಗೊಳಿಸಿದ ದೊಡ್ಡ ಕೋಣೆ: ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಬಣ್ಣದ ಗಾರೆಯ ಕಾಡು, ಅದರ ನಡುವೆ ಬೇಟೆಯ ದೇವತೆ ಡಯಾನ, ಅಗ್ಗಿಷ್ಟಿಕೆಯ ಮೇಲೆ ರಾಜಲಾಂಛನ. ರಾಣಿ ಬರಲೇ ಇಲ್ಲ.

ಅಲ್ಲಿಂದ ಮುಂದೆ ಸುಮಾರು 50 ಮೀಟರ್ ಉದ್ದದ ಪಡಸಾಲೆ. ಅದರ ಗೋಡೆಗೆ ಬೈಬಲಿನ ಗಿಡಿಯೋನನ ಕಥೆಯ 13 ಟ್ಯಾಪೆಸ್ಟ್ರಿಗಳಿವೆ, ಅಂದರೆ ಚಿತ್ರ ನೇಯ್ದ ಗೋಡೆತೆರೆಗಳು. ಕ್ರಿಸ್ಟೊಫರ್ ಹ್ಯಾಟನ್ ಎಂಬ ಆಸ್ಥಾನಿಕ ಸತ್ತ ಮೇಲೆ ಅವನ ವಾರಸುದಾರನಿಂದ ಬೆಸ್ ಕೊಂಡವು ಇವು. ಹ್ಯಾಟನ್‌ನ ಲಾಂಛನ ಮುಚ್ಚಿಸಬೇಕಾದ ಖರ್ಚೆಂದು ಬೆಲೆಯಲ್ಲಿ 5 ಪೌಂಡ್ ಕಡಿಮೆ ಮಾಡಿಸಿದಳಂತೆ. ಇವುಗಳನ್ನು ಒಂದೊಂದಾಗಿ ತೊಳೆದು, ಹೊಲಿದು ಸರಿಪಡಿಸುವ ಕೆಲಸಕ್ಕೆ 24 ವರ್ಷ ಹಿಡಿದು, ಅದು ಮುಗಿದದ್ದು 2023ರಲ್ಲಿ. ಬೆಳಕಿಗೆ ನೂಲು ಬಣ್ಣಗೆಡುತ್ತದೆ, ಪುಡಿಯಾಗುತ್ತದೆ. ಆದ್ದರಿಂದ 1959ರಿಂದ ಮನೆಯನ್ನು ನೋಡಿಕೊಳ್ಳುತ್ತಿರುವ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಕಾಯುವ ಸಂಸ್ಥೆ ಕಿಟಕಿಗಳ ಪರದೆಗಳನ್ನು ಇಳಿಸಿಡುತ್ತದೆ. ಬೆಳಕಿಗೆಂದೇ ಕಟ್ಟಿದ ಮನೆಯಲ್ಲಿ, ಜೊಂಡಿನ ಚಾಪೆಯ ಒಣಹುಲ್ಲಿನ ವಾಸನೆಯ ನಡುವೆ, ಕಣ್ಣು ಕಿರಿದು ಮಾಡಿಕೊಂಡು ನಡೆಯಬೇಕು. ನೂಲನ್ನು ಉಳಿಸುವುದು ಸರಿಯೇ, ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದೆರಡು ಕೋಣೆಯ ಟ್ಯಾಪೆಸ್ಟ್ರಿಗಳನ್ನಾದರೂ ವರ್ಷಕ್ಕೊಂದು ವಾರ ಮುಚ್ಚಿ, ಪರದೆ ಎತ್ತಿ, ಸ್ಮಿತ್ಸನ್ ಎಣಿಸಿದ ಬೆಳಕು ಆ ಕೋಣೆಗಳನ್ನು ಏನು ಮಾಡುತ್ತಿತ್ತೆಂದು ಜನರಿಗೆ ತೋರಿಸಬೇಕೆಂದು ನನ್ನ ಒತ್ತಾಯ. ಅದನ್ನು ಕಾಣದೆ ಹೊರಟವರು ಬಟ್ಟೆಗಳ ಸಂಗ್ರಹಾಲಯವೊಂದನ್ನು ನೋಡಿ ಹೊರಟಂತೆ.

ಬಾಗಿಲು ಹಾಕುವ ಹೊತ್ತಿಗೆ ನಾನು ಮುಂದಿನ ಅಂಗಳಕ್ಕೆ ಬಂದೆ. ಮನೆಯ ಮುಖ ಪಶ್ಚಿಮಕ್ಕಿದೆ. ಇಳಿಬಿಸಿಲು ಗಾಜಿಗೆ ಬಿದ್ದು, ಸೀಸದ ಪಟ್ಟಿಗಳಲ್ಲಿ ಕೂರಿಸಿದ ಅಂಗೈಯಗಲದ ಚೂರುಗಳು ಒಂದೊಂದೂ ಒಂದೊಂದು ಕೋನಕ್ಕೆ ವಾಲಿಕೊಂಡಿದ್ದರಿಂದ, ಗೋಡೆಯಿಡೀ ಸಣ್ಣಗೆ ನಡುಗುತ್ತಿರುವಂತೆ ಹೊಳೆಯಿತು. ಯಾವ ಕಿಟಕಿಗಳ ಹಿಂದೆ ಬರೀ ಗಾರೆಯಿರಬಹುದೆಂದು ಗುರುತಿಸಲು ಸಾಲು ಹಿಡಿದು ಎಣಿಸುತ್ತಾ ಹೋದೆ. ಎರಡು ಸಲ ಎಣಿಸಿದೆ. ಸಿಗಲಿಲ್ಲ.