ದೇವರ ಶಕ್ತಿಗೆ ಮಿತಿ ಇದೆಯೇ?

ಪರ: ಇದೆ, ಆದರೆ ಅದು ಕೊರತೆಯಲ್ಲ

ಕಾಸರಗೋಡು ಜಿಲ್ಲೆಯ ಬೇಳ, ಮಂಜೇಶ್ವರ ಕಡೆ ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳಲ್ಲಿ ಚುರುಕಾದ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: 'ದೇವರಿಗೇ ಎತ್ತಲಿಕ್ಕಾಗದ ಕಲ್ಲನ್ನು ದೇವರಿಗೆ ಮಾಡ್ಲಿಕ್ಕಾಗ್ತದಾ?' ಗದರಿಸಿ ಕೂರಿಸುವ ಪ್ರಶ್ನೆಯಲ್ಲ ಇದು. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಇದಕ್ಕೆ ದಾರಿ ತೋರಿಸಿದ್ದಾರೆ. ತನ್ನನ್ನೇ ಅಲ್ಲಗಳೆಯುವ ಮಾತಿನ ಹಿಂದೆ ಮಾಡುವಂಥ ಕೆಲಸವೇ ಇರುವುದಿಲ್ಲ. ಅದು ದೇವರಿಗೆ ಆಗುವುದಿಲ್ಲ ಅನ್ನುವುದಕ್ಕಿಂತ, ಅದು ಆಗುವಂಥದ್ದೇ ಅಲ್ಲ ಅನ್ನುವುದು ಸರಿ ಎಂದರು ಅವರು.

ಬೈಬಲ್ ಇನ್ನೂ ಮುಂದೆ ಹೋಗುತ್ತದೆ. ತೀತನಿಗೆ ಬರೆದ ಪತ್ರದ ಪ್ರಕಾರ ದೇವರು ಸುಳ್ಳಾಡಲಾರರು. ತಿಮೊಥೆಯನಿಗೆ ಬರೆದ 2ನೇ ಪತ್ರದ ಪ್ರಕಾರ ತಮ್ಮ ಸ್ವಭಾವಕ್ಕೆ ಎದುರಾಗಿ ನಡೆಯಲಾರರು. ಸುಳ್ಳು ಹೇಳಲು ಬಾರದವರನ್ನು ನಾವು ದುರ್ಬಲರು ಅನ್ನುವುದಿಲ್ಲ, ಅಲ್ವಾ? ಕೊಟ್ಟ ಮಾತು ಮುರಿಯಬಲ್ಲ ದೇವರ ಮುಂದೆ ಯಾರು ಮೊಣಕಾಲೂರುತ್ತಾರೆ?

ಮನುಷ್ಯನ ಸ್ವಾತಂತ್ರ್ಯದ ಮಾತೂ ಹೀಗೆಯೇ. ದೇವರೇ ಬಲವಂತದಿಂದ ಮಾಡಿಸಿದರೂ ಅದು ಸ್ವಂತ ಆಯ್ಕೆ ಆಗುವುದಿಲ್ಲ. 1974ರಲ್ಲಿ ಅಮೆರಿಕದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಈ ವಾದವನ್ನು ಬಿಗಿಯಾಗಿ ಕಟ್ಟಿದರು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದವರು ಮನುಷ್ಯರು. ಅದನ್ನು ದೇವರ ತಲೆಗೆ ಕಟ್ಟಬಾರದು.

ವಿರೋಧ: 'ಆಗಲಿಲ್ಲ' ಅನ್ನಬೇಡಿ

ಕಲ್ಲಿನ ವಿಷಯದಲ್ಲಿ ನನ್ನ ಜಗಳ ಇಲ್ಲ. ಗಣಿತದ ಸತ್ಯಗಳನ್ನೂ ದೇವರೇ ರಾಜನ ಹಾಗೆ ಕಾನೂನು ಮಾಡಿ ನಿಲ್ಲಿಸಿದ್ದು ಎಂದು ಫ್ರಾನ್ಸಿನ ತತ್ವಜ್ಞಾನಿ ದೇಕಾರ್ತ್ 1630ರಲ್ಲಿ ಪತ್ರ ಬರೆದಿದ್ದರು. ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ಸ್ವಾತಂತ್ರ್ಯದ ವಾದವನ್ನು ಎಂಡೋಸಲ್ಫಾನ್ ಬಿದ್ದ ಎಣ್ಮಕಜೆ ಊರಿಗೆ ತಂದರೆ ಸುಮ್ನೆ ಕೂರಲಾಗುವುದಿಲ್ಲ.

1970ರ ದಶಕದ ಕೊನೆಯಿಂದ 2000ದವರೆಗೆ ಆ ಗುಡ್ಡಗಳಲ್ಲಿ ವಿಷ ಬಿತ್ತು. ಬೆಳೆದ ಮಗನಿಗೆ ತಾಯಿ ಇವತ್ತಿಗೂ ಗಂಜಿ ಕಿವುಚಿ ಉಣಿಸುವ, ಬಾಯಿ ಒರೆಸುವ, ಎತ್ತಿ ಅಂಗಳಕ್ಕೆ ತಂದು ಮಲಗಿಸುವ ಮನೆಗಳು ಅಲ್ಲಿವೆ. ಆ ಮಗು ಏನನ್ನು ಆರಿಸಿಕೊಂಡಿತ್ತು? ಎರಚಿದವರ ಸ್ವಾತಂತ್ರ್ಯಕ್ಕೆ ಕೈ ಹಚ್ಚದೆಯೂ ಗಾಳಿಯ ದಿಕ್ಕು ಬದಲಿಸಬಹುದಿತ್ತು. ಗಾಳಿಗೆ ಸ್ವಾತಂತ್ರ್ಯ ಇಲ್ಲವಲ್ಲ! ಯೇಸುಸ್ವಾಮಿ ಗಲಿಲಾಯದ ಸರೋವರದಲ್ಲಿ ಗಾಳಿಯನ್ನೇ ಗದರಿಸಿ ನಿಲ್ಲಿಸಿದ್ದನ್ನು ಮಾರ್ಕನ ಶುಭಸಂದೇಶದ 4ನೇ ಅಧ್ಯಾಯ ಹೇಳುತ್ತದೆ.

ಅದೇ ಮಾರ್ಕನ 9ರಲ್ಲಿ ಚಿಕ್ಕಂದಿನಿಂದ ಕಾಯಿಲೆಯ ಮಗನನ್ನು ಕರೆತಂದ ತಂದೆ 'ನಿಮ್ಮಿಂದ ಆಗುವುದಾದರೆ' ಎಂದು ಬೇಡುತ್ತಾನೆ. 'ಆಗುವುದಾದರೆ' ಅನ್ನುವ ಆ ಮಾತನ್ನೇ ಯೇಸುಸ್ವಾಮಿ ಹಿಡಿದು ನಿಲ್ಲಿಸುತ್ತಾರೆ. ಶಿಲುಬೆಯ ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಅವರೇ 'ತಂದೆಯೇ, ನಿಮಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ತೆಗೆದುಬಿಡಿ' ಎಂದು ಪ್ರಾರ್ಥಿಸಿದರು. ಆ ಸಂಕಟದ ಪಾತ್ರೆ ಹೋಗಲಿಲ್ಲ. ಆದರೂ ದೇವರಿಂದ ಆಗದು ಎಂದು ಅವರು ಹೇಳಲಿಲ್ಲ.

ದೇವರಿಂದ ಆಗಲಿಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು, ತಾಯಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮಾಡಲಿಲ್ಲ ಅಂದರೆ 'ಯಾಕೆ' ಎಂದು ಕೇಳಬಹುದು. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿ ಕೇಳಿದ್ದೂ ಅದನ್ನೇ, ಯಾಕೆ ಕೈಬಿಟ್ಟಿರಿ ಎಂದು. ಎಣ್ಮಕಜೆಯ ತಾಯಂದಿರಿಂದ ಆ ಪ್ರಶ್ನೆಯನ್ನು ಕಸಿದುಕೊಳ್ಳುವ ದೇವಶಾಸ್ತ್ರ ನನಗೆ ಬೇಡ.